ಹತ್ತು ಗಂಟೆಯ ಕುಂಡ

ಹೆಂಡತಿ ಬಚ್ಚಲಿಗೆ ಹೋಗಿ ಚಿಲಕ ಹಾಕಿದ್ದೇ ತಡ, ಮೂಗಣ್ಣ ಎದ್ದು ಮೊಳೆಗೆ ನೇತುಹಾಕಿದ್ದ ಅವಳ ಶಾಲನ್ನು ಮುಖಕ್ಕೆ ಒತ್ತಿಕೊಂಡ. ಮೂಸಿದ. ಪರಗಂಡಸಿನ ವಾಸನೆ ಇಲ್ಲ. ಅಷ್ಟೇ ಅಲ್ಲ, ಬೆವರಿನದೂ ಇಲ್ಲ, ರಸ್ತೆಯ ಧೂಳಿನದೂ ಇಲ್ಲ. ಎರಡು ಗಂಟೆ ಹೊರಗೆ ಸುತ್ತಿ ಬಂದವಳ ಶಾಲು ಇಷ್ಟು ನಿರ್ಮಲವಾಗಿರುವುದುಂಟೆ? ಗುರುತು ಉಳಿಯದ ಹಾಗೆ ಎಲ್ಲ ಒರೆಸಿ ಬಂದಿದ್ದಾಳೆ ಎಂದುಕೊಂಡ.

ಮೂಗಣ್ಣ ಎಂಬುದು ಸೋಪಿನ ಕಾರ್ಖಾನೆಯವರು ಇಟ್ಟ ಹೆಸರು. ಮೂವತ್ತೊಂದು ವರ್ಷ, ಅವನು ಮೂಸಿ ತಲೆಯಾಡಿಸದೆ ಒಂದು ಸೋಪೂ ಅಲ್ಲಿಂದ ಹೊರಬಿದ್ದಿರಲಿಲ್ಲ. ಈಚೆಗೆ ಎರಡು ಲಾಟು ಅಂಗಡಿಗಳಿಂದ ವಾಪಸ್ ಬಂದವು. ಹೊಟ್ಟೆಕಿಚ್ಚಿನವರ ಕೆಲಸ ಎಂದ ಮೂಗಣ್ಣ. ಮಾಲೀಕರು ವಾದಿಸಲಿಲ್ಲ. ಒಂದು ತಿಂಗಳು ಮನೆಯಲ್ಲಿ ಆರಾಮಾಗಿರಿ, ಆಮೇಲೆ ನೋಡೋಣ ಎಂದು ಕಳಿಸಿದರು. ಕೆಲಸವಿಲ್ಲದವನ ಕಣ್ಣು ಮನೆಯ ಮೇಲೆ ಬಿತ್ತು.

ಮೊದಲು ಕಂಡದ್ದೇ ಕುಂಡಗಳು. ಮೂರು ಆರ್ಕಿಡ್ ಗಿಡ, ಒಂದರ ಹಿಂದೆ ಒಂದು ಮನೆಗೆ ಬಂದಿದ್ದವು. ಒಂದರಲ್ಲಿ ಕಂದು ಬಣ್ಣದ ಪುಟ್ಟ ಹೂಗಳ ಗೊಂಚಲು. ಇನ್ನೊಂದರಲ್ಲಿ ಹುಲ್ಲಿನಂಥ ಎಲೆಗಳ ನಡುವೆ ಕೆಂಪು ಹೂ. ಮೂರನೆಯದರಲ್ಲಿ ಬಿಳಿ. ಯಾವುದಕ್ಕೂ ಎಳ್ಳಷ್ಟು ಘಮವಿಲ್ಲ, ಬರೀ ಶೋಕಿ. ಮೂಗನ್ನೇ ನಂಬಿ ಬದುಕಿದವನ ಮನೆಗೆ ಇಂಥ ಹೂ ತರುವುದೆಂದರೆ ಗಂಡನನ್ನು ಅಣಕಿಸಿದ ಹಾಗೆ.

ಬರೀ ಅಣಕವಾಗಿದ್ದರೆ ನುಂಗಿಕೊಳ್ಳುತ್ತಿದ್ದ. ಅವು ಸನ್ನೆಗಳು ಎಂಬುದು ಎರಡನೆಯ ವಾರ ತಿಳಿಯಿತು. ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಅವಳು ಕಂದು ಹೂವಿನ ಕುಂಡವನ್ನು ಮುಂದಿನ ಕಿಟಕಿಯಲ್ಲಿ, ಅವನು ಪತ್ರಿಕೆ ಓದುವ ಕುರ್ಚಿಯ ಪಕ್ಕದಲ್ಲೇ, ತಂದಿಡುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಅದನ್ನು ಎತ್ತಿ ಕೆಂಪು. ಸಂಜೆ ಏಳಕ್ಕೆ ಬಿಳಿ. ಎಲ್ಲ ಗಡಿಯಾರ ನೋಡಿಕೊಂಡೇ. ಆ ಕಿಟಕಿ ರಸ್ತೆಗೆ ಕಾಣುತ್ತದೆ. ರಸ್ತೆಯ ತುದಿಯಲ್ಲಿ ಗಿಡದ ಅಂಗಡಿ. ಅಂಗಡಿಯವನು ಹೆಂಡತಿ ಸತ್ತವನು, ಮಾತುಗಾರ ಎಂದು ಕೇಳಿದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಕುಂಡ ಇಟ್ಟ ಮೇಲೂ ಅವಳು ಹೋಗುತ್ತಿರಲಿಲ್ಲ. ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

"ಏನಾದ್ರೂ ಗೊತ್ತಾಯ್ತಾ?"

"ಏನು ಗೊತ್ತಾಗ್ಬೇಕಿತ್ತು?"

"ಏನಿಲ್ಲ ಬಿಡಿ."

ಆಮೇಲೆ ಒಳಗೆ ಹೋಗಿ ಒಂದು ಸಣ್ಣ ಪುಸ್ತಕದಲ್ಲಿ ಏನೋ ಗೀಚುತ್ತಿದ್ದಳು. ಅಡುಗೆಯಲ್ಲಂತೂ ಅವಳ ಮನಸ್ಸೇ ಇರಲಿಲ್ಲ. ಏನು ಬಡಿಸಿದರೂ ಒಂದೇ ರುಚಿ. ಕೇಳಿದರೆ, "ಎಲ್ಲ ಹಾಕಿದೀನಲ್ರೀ" ಎಂದು ಕಣ್ಣು ತಪ್ಪಿಸುತ್ತಿದ್ದಳು.

ಅವನಿಗೆ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಾಗಿತ್ತು. ಕೆಲಸ ತೂಗುಯ್ಯಾಲೆಯಲ್ಲಿದೆ. ಇವಳೂ ಹೋದರೆ ತನಗೆ ಅಂತ ಉಳಿಯುವವರು ಯಾರೂ ಇಲ್ಲ.

ಬಚ್ಚಲಲ್ಲಿ ನೀರಿನ ಸದ್ದು ನಡೆದೇ ಇತ್ತು. ಹೊಲಿಗೆ ಡಬ್ಬಿಯ ತಳದಲ್ಲಿ ಪುಸ್ತಕ ಸಿಕ್ಕಿತು. ಪುಟದ ತುಂಬ ಅವಳ ಗುಂಡು ಅಕ್ಷರ.

"ಸೋಮವಾರ. ಹತ್ತು, ಇಲ್ಲ. ಮೂರು, ಇಲ್ಲ. ಏಳು, ಇಲ್ಲ."

ಮಂಗಳವಾರವೂ ಅದೇ. ಬುಧವಾರವೂ ಅದೇ. ಇವತ್ತಿನ ಹತ್ತು, ಮೂರರ ಎದುರಿಗೂ ಅದೇ. ಅದರ ಮೇಲಿನ ಸಾಲು ನಿನ್ನೆಯದು: "ಏಳು, ಇವತ್ತೂ ಇಲ್ಲ. ಒಳಗೆ ಬಂದು ಅತ್ತುಬಿಟ್ಟೆ."

ಆ ಅಂಗಡಿಯವನು ಬರಲಿಲ್ಲವೆಂದು ಇವಳು ಅತ್ತಿದ್ದಾಳೆ. ಮದುವೆಯಾದಂದಿನಿಂದ ತನಗಾಗಿ ಅವಳು ಒಂದು ಹನಿ ಕಣ್ಣೀರು ಹಾಕಿದ್ದು ಮೂಗಣ್ಣನಿಗೆ ನೆನಪಿರಲಿಲ್ಲ.

ಏಳಕ್ಕೆ ಇನ್ನು ಹತ್ತು ನಿಮಿಷ. ಪುಸ್ತಕವನ್ನು ಜೇಬಿಗೆ ತುರುಕಿ, ಬಿಳಿ ಹೂವಿನ ಕುಂಡವನ್ನು ಕಂಕುಳಲ್ಲಿ ಅವುಚಿಕೊಂಡು ರಸ್ತೆಗಿಳಿದ. ದಾಟಿ ಹೋದವರೆಲ್ಲ ತಿರುಗಿ ತಿರುಗಿ ನೋಡಿದರು. ಊರಿಗೆಲ್ಲ ಗೊತ್ತಾಗಿದೆ, ನನಗೊಬ್ಬನಿಗೇ ತಡವಾಗಿದ್ದು ಎಂದುಕೊಂಡು ತಲೆ ತಗ್ಗಿಸಿ ನಡೆದ.

ಅಂಗಡಿಯವನು ಬಾಗಿಲಿಗೆ ಬೆನ್ನು ಮಾಡಿ ಕುಂಡಕ್ಕೆ ಇದ್ದಿಲು ತುಂಬುತ್ತಿದ್ದ.

"ಬಿಳಿದು ವಾಪಸ್ ಬಂತಾ?" ಎಂದ, ತಿರುಗದೆಯೇ. ಆಮೇಲೆ ತಿರುಗಿ, ಎಂದೂ ಕಾಣದ ಮುಖವನ್ನು ಕಂಡು ನಕ್ಕ. "ಅಕ್ಕನ ಮನೆ ಕಡೆಯವ್ರಾ ನೀವು?"

ಅಕ್ಕನಂತೆ. ಮೂಗಣ್ಣ ಹೌದೆಂಬಂತೆ ತಲೆಯಾಡಿಸಿದ.

ಅಂಗಡಿಯವನು ದನಿ ತಗ್ಗಿಸಿದ. "ಅವರ ಯಜಮಾನ್ರಿಗೆ ಇನ್ನೂ ವಾಸನೆ ಹತ್ತಿಲ್ವಾ?"

ಕಳ್ಳ ತಾನಾಗಿಯೇ ಬಾಯಿಬಿಟ್ಟಿದ್ದ. ಮೂಗಣ್ಣನ ಕೈ ಕುಂಡದ ಅಂಚನ್ನು ಬಿಗಿಹಿಡಿಯಿತು.

"ಹತ್ತಿದೆ," ಎಂದ. "ಚೆನ್ನಾಗೇ ಹತ್ತಿದೆ."

ಅಂಗಡಿಯವನ ಮುಖ ಅರಳಿತು. "ಅಬ್ಬ, ಸದ್ಯ. ಯಾವುದರದು ಮೊದ್ಲು ಹತ್ತಿದ್ದು? ಹತ್ತು ಗಂಟೆದಾ? ಚಾಕೊಲೇಟ್ ಕರಗಿಸಿದ ಹಾಗೆ ಇರುತ್ತಲ್ಲ, ಅದಾ? ಮೂರು ಗಂಟೆದು ಬಿಸಿಲಿಗೆ ಥೇಟ್ ಕೊಬ್ಬರಿ. ಈ ಬಿಳಿದು ಕತ್ತಲಾಗ್ತಾ ಬಂದ್ರೆ ನಿಂಬೆಹಣ್ಣು. ನೀವು ಆ ತಿರುವಲ್ಲಿರೋವಾಗ್ಲೇ ನನಗೆ ಬಡೀತು. ಮನೇಲಿ ಬೆಳೆಸೋದ್ರಲ್ಲಿ ಇವಕ್ಕಿಂತ ಘಮದ ಆರ್ಕಿಡ್ ನನ್ನ ಹತ್ರ ಇಲ್ಲ. ಮೂರರಲ್ಲಿ ಒಂದು ಗೊತ್ತಾದ್ರೂ ಸಾಕು, ಧೈರ್ಯವಾಗಿ ಕಾರ್ಖಾನೆಗೆ ಕಳಿಸ್ತೀನಿ ಅಂತಿದ್ರು ಅಕ್ಕ. ಇಲ್ಲಾಂದ್ರೆ ಅವ್ರಿಗೆ ಯಾವ ಬಾಯಲ್ಲಿ ಹೇಳ್ಲಿ ಅಂತ ಇಲ್ಲೇ ಕೂತು ಅಳೋರು."

ಗೋಡೆಯ ಗಡಿಯಾರ ಏಳು ಹೊಡೆಯಿತು. ಮೂಗಣ್ಣ ಬಿಳಿ ಹೂವಿಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ, ಮೂವತ್ತೊಂದು ವರ್ಷದ ರೂಢಿಯಂತೆ ದೀರ್ಘವಾಗಿ ಉಸಿರೆಳೆದ. ಇನ್ನೊಮ್ಮೆ ಎಳೆದ. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು, ಅಂಗಡಿಯವನ ಪೆನ್ನು ಕೇಳಿ ತೆಗೆದುಕೊಂಡು, ಹೆಂಡತಿಯ ಸಾಲಿನ ಕೆಳಗೆ ತಾನೇ ಬರೆದ.

"ಏಳು, ಇಲ್ಲ."