ಟ್ಯಾಕ್ಸಿನ ಪಾಲಿಸಿ

"ಹಂಗಾರೆ ಆ ಪಾಲಿಸಿ ಬಿಟ್ಟ್ ಬಿಡುವ ಮಾರ್ರೆ," ಎಂದು ಬೋಟಿನ ದೇವು ಎದ್ದೇ ನಿಂತ. ಹೊಸ ತೆರಿಗೆ ಪದ್ಧತಿಯಲ್ಲಿ ಆರೋಗ್ಯ ವಿಮೆಗೆ ವಿನಾಯಿತಿ ಇಲ್ಲವೆಂದು ತನ್ನ ಕಚೇರಿಗೆ ಬಂದವರಿಗೆಲ್ಲ ಹೇಳಿ ಹೇಳಿ ಪ್ರೇಮಾನಂದನ ಗಂಟಲು ಒಣಗಿತ್ತು. ಕುಂದಾಪುರದ ಅರ್ಧ ಪೇಟೆಗೆ ರಿಟರ್ನ್ ತುಂಬಿಕೊಡುವವನು ಅವನೇ. ಟ್ಯಾಕ್ಸ್ ಉಳಿಯುತ್ತದೆಂದು ಅವರಿಗೆಲ್ಲ ಪಾಲಿಸಿ ಮಾಡಿಸಿದವನೂ ಅವನೇ. ಈಗ ಒಬ್ಬೊಬ್ಬರಾಗಿ ಬಿಡಲು ಹೊರಟಿದ್ದರು.

"ಕಾಯಿಲೆ ಬಂದ್ರೆ ಬೇಕಾತ್ತ್, ದೇವಣ್ಣ."

"ನಮ್ಗೆಂತ ಕಾಯಿಲೆ? ಮೀನ್ ತಿಂದ್ ಬೆಳ್ದ್ ಜೀವ!" ದೇವು ನಕ್ಕ. ಮತ್ತೆ ವಾದಿಸಲು ಪ್ರೇಮಾನಂದನಲ್ಲಿ ತ್ರಾಣವಿರಲಿಲ್ಲ. ಆಯಿತು ಎಂದು ತಲೆಯಾಡಿಸಿದ.

ಬಾಗಿಲ ಬಳಿ ಕೂತಿದ್ದ ದೇವುವಿನ ಹೆಂಡತಿ ಪದ್ದು ಮೆಲ್ಲಗೆ ಎದ್ದಳು. ಅವಳ ಬಲಗೈ ಸೆರಗಿನಡಿ ಎಡ ಎದೆಯನ್ನು ಒತ್ತಿ ಹಿಡಿದಿತ್ತು.

"ಹ್ವಾಯ್, ಬಿಡ್ಬೇಡಿ. ಆ ಪಾಲಿಸಿಯೊಳ್ಗೆ ನನ್ ಹೆಸ್ರೂ ಇತ್ತಲ್ದಾ?" ಅವಳು ಗಂಡನನ್ನು ನೋಡಲಿಲ್ಲ, ನೆಲ ನೋಡಿದಳು. "ಇಲ್ಲೊಂದ್ ಗಂಟ್ ಇತ್ತ್. ಮೀನಿನ್ ಸೀಸನ್ ಮುಗೀಲಿ, ಮತ್ತ್ ಹೇಳುವ ಅಂದ್ಕಂಡಿದ್ದೆ."

ಪ್ರೇಮಾನಂದ ಎದ್ದು ತಾನು ಕೂತಿದ್ದ ಕುರ್ಚಿಯನ್ನೇ ಅವಳ ಕಡೆಗೆ ಎಳೆದಿಟ್ಟ. ದೇವು ಅವಳ ಕೈಯನ್ನೇ ನೋಡುತ್ತ ಕೇಳಿದ.

"ಎಷ್ಟ್ ದಿನ ಆಯ್ತ್, ಪದ್ದು?"