ಪಿಟೀಲು ಇಲ್ಲದ ಸಿನಿಮಾ

ನೀರು ಚಿಮುಕಿಸಿದ ಶೇಂಗಾ ಸಿಪ್ಪೆಯ ವಾಸನೆ ಬಂದರೆ ಈಗಲೂ ನನಗೆ ಯರಗಟ್ಟಿಯ ನಮ್ಮ ಮನೆಯ ಒಂದು ರವಿವಾರದ ಮಧ್ಯಾಹ್ನ ನೆನಪಾಗುತ್ತದೆ.

ಬಿತ್ತನೆಯ ಶೇಂಗಾ ಕೈಯಿಂದಲೇ ಸುಲಿಯಬೇಕು, ಕಾಳು ಒಡೆಯಬಾರದು. ಓಣಿಯ ಹೆಂಗಸರು ಮೊರ ಹಿಡಿದುಕೊಂಡು ಬಂದು ನಮ್ಮ ಟಿವಿಯ ಮುಂದೆ ಸುಲಿಯುತ್ತ ಕುಳಿತಿದ್ದರು. ಅಂದು ಅಜ್ಜಿಗೆ ಇಷ್ಟದ ನಿರ್ದೇಶಕನ ಸಿನಿಮಾ ಇತ್ತು.

“ಇಂವಾ ಮಂದೀನ ಅಳಸಾಕ ಪಿಟೀಲು ಬಾರಸೂದಿಲ್ಲ ನೋಡ್ರಿ. ಸುಮ್ಮ ತೋರಸ್ತಾನ,” ಎಂದು ಎಲ್ಲರಿಗೂ ಹೇಳಿದಳು.

ಅಜ್ಜಿಯ ಮಗಳು, ನನ್ನ ಸೋದರತ್ತೆ, ಗೋಡೆಗೆ ಒರಗಿ ಕುಳಿತಿದ್ದಳು. ಯುಗಾದಿಗೆ ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಮರುದಿನ ಅಜ್ಜ ಅವಳನ್ನು ಗಂಡನ ಮನೆಗೆ ಬಿಟ್ಟು ಬರುವವನಿದ್ದ. ಅವಳ ಬಟ್ಟೆಯ ಚೀಲ ಆಗಲೇ ಬಾಗಿಲ ಬಳಿ ಬಂದಿತ್ತು.

ಸಿನಿಮಾದಲ್ಲಿ ಒಬ್ಬ ತಾಯಿ, ಹೋಗಲೊಲ್ಲದ ಮಗಳಿಗೆ ಉಡಿ ತುಂಬಿ ಕಳಿಸಿದಳು. ಮಗಳು ಮಾತಾಡಲಿಲ್ಲ. ಸಂಗೀತವೂ ಇರಲಿಲ್ಲ. ಹೆಂಗಸರ ಕೈಗಳು ನಿಂತವು. ಆಗ ಒಬ್ಬರೇ ಶೇಂಗಾ ಒಡೆಯುವ ಸಪ್ಪಳ ಕೇಳಿತು. ಅತ್ತೆ ತಲೆ ಬಗ್ಗಿಸಿ ಗಡಬಡಿಸಿ ಸುಲಿಯುತ್ತಿದ್ದಳು. ಅವಳ ಮೊರದ ತುಂಬ ಒಡೆದ ಕಾಳು.

“ಹಗೂರ್ಕ ಯವ್ವಾ, ಬಿತ್ತಾಕ ಬೇಕಾಗೇತಿ,” ಎಂದಳು ಪಕ್ಕದವಳು.

“ಒಡೀಲಿ ಬಿಡು,” ಎಂದಳು ಅಜ್ಜಿ. ಆಮೇಲೆ ಅವಳು ಟಿವಿ ನೋಡಲಿಲ್ಲ.

ಸಂಜೆ ಅಜ್ಜ ಬಂದು ಕೇಳಿದ, “ನಾಳಿ ಮುಂಜಾನಿ ಬಸ್ಸಿಗೇ ಹೋಗೋಣೇನು?”

ಅಜ್ಜಿ ಬಾಗಿಲ ಬಳಿಯ ಚೀಲವನ್ನು ಎತ್ತಿ ಒಳಗೆ ಒಯ್ದು, ತನ್ನ ಸೀರೆಗಳಿದ್ದ ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದಳು.