ಎಡಬದಿಯ ಸೀಟು

“ಗಾಡಿ ಪೂರಾ ನಿಮ್ಮ್ ಬದಿಗೇ ಕೂತಿತ್ತಲೆ ಶೆಟ್ರೆ,” ಎಂದು ಮೆಕ್ಯಾನಿಕ್ ಕುಷ್ಟ ಪಿಕಪ್ಪಿನ ಅಡಿಯಿಂದಲೇ ಕೂಗಿದ. “ಎಡಬದಿ ಕಮಾನ್ ಪ್ಲೇಟ್ ಹೊಸ್ದರ ಹಾಂಗೆ ಇತ್ತ್. ಬಲಬದಿದ್ ಸತ್ತೇ ಹೋಯ್ತ್. ಎಂತ, ನಿಮ್ಮ್ ಒಟ್ಟಿಗೆ ಯಾರೂ ಕೂಕಂತಿಲ್ಲ್ಯಾ?”

ಚಂದಯ್ಯ ಶೆಟ್ಟಿ ಸಾಲಿಗ್ರಾಮದ ರಸ್ತೆಬದಿಯ ಆ ತೆಂಗಿನ ಮಡಲಿನ ಗ್ಯಾರೇಜು ಚಪ್ಪರದಲ್ಲಿ ನಿಂತು ಬೀಡಿ ಹಚ್ಚಿದ. ಆಳು ಒಳ್ಳೇ ಗಾತ್ರದವನು. ಮಿಲಿಟರಿಯವರ ಹರಾಜಿನಲ್ಲಿ ಹಿಡಿದ ಹಳೇ ಪಿಕಪ್ಪಿನಲ್ಲಿ ಸಿದ್ದಾಪುರದಿಂದ ಕುಂದಾಪುರಕ್ಕೆ ಬಾಳೆಗೊನೆ ಹೊರುವ ಕೆಲಸ. ತಾನಾಯಿತು, ತನ್ನ ಗಾಡಿಯಾಯಿತು. ಹೆಂಡತಿ ಕುಸುಮಾವತಿ ಹಂಗಾರಕಟ್ಟೆಯ ತಾಯಿಮನೆಗೆ ಹೋಗಿ ವರ್ಷ ದಾಟಿತ್ತು. ಜಗಳವೇನೂ ಆಗಿರಲಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬದಲ್ಲಿ ಹೆಣ್ಣು ತಾಯಿಮನೆಯಲ್ಲಿದ್ದರೆ ಯಾಕೆ ಹೋದಳೆಂದು ಯಾರೂ ಕೇಳುವುದಿಲ್ಲ, ಯಾವಾಗ ಬರುತ್ತಾಳೆಂದೂ ಕೇಳುವುದಿಲ್ಲ. ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು ಎಂದು, ತನಗೆ ತಾನೇ ಗಂಜಿ ಬಡಿಸಿಕೊಳ್ಳುವಾಗ ಚಂದಯ್ಯನಿಗೆ ಎಷ್ಟೋ ಸಲ ಅನಿಸಿದ್ದುಂಟು.

ಹೋಗುವ ದಿನ ಅವಳು ಅಂದದ್ದು ಇಷ್ಟೇ: “ನಿಮ್ಮ್ ಗಾಡಿಯಗೆ ಕೂಕಂಡ್ ಬಪ್ಪುಕೆ ಇನ್ನ್ ನನ್ನಿಂದ ಆತ್ತಿಲ್ಲೆ.” ಗಾಡಿ ಹತ್ತಿದರೆ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು, ಮುಖ ಹೊರಗೆ ಮಾಡಿ ಕೂರುತ್ತಿದ್ದಳು. ವಾಲಿದ ಗಾಡಿಯಲ್ಲಿ ಇನ್ನು ಹೇಗೆ ಕೂತಾಳು ಪಾಪ, ಎಂದು ಚಂದಯ್ಯ ತಿಳಿದುಕೊಂಡಿದ್ದ. ತಿಳಿಯಲು ಒಂದು ವರ್ಷ ಹಿಡಿಯಿತು, ಅದು ಬೇರೆ ಮಾತು. ಇವತ್ತು ಗಾಡಿ ಸರಿಮಾಡಿಸಿ, ಇಲ್ಲಿಂದಲೇ ಹೋಗಿ ಅವಳನ್ನು ಕರೆತರಬೇಕು. ಅದಕ್ಕೆಂದೇ ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿ ಹೊರಟಿದ್ದ.

“ಬರೀ ಪ್ಲೇಟ್ ಜಾಸ್ತಿ ಹಾಕ್ರೆ ಗಾಡಿ ಕಲ್ಲ್ ಆತ್ತ್, ಹೊಂಡಕ್ಕೆ ಬಿದ್ರೆ ಸೊಂಟ ಮುರಿತ್ತ್,” ಎಂದ ಕುಷ್ಟ. “ಬರೀ ಅಡಿಗೆ ತುಂಡ್ ಕೊಟ್ರೆ ಓಲಾಡತ್ತ್. ಎರಡೂ ಚೂರ್ ಚೂರ್ ಮಾಡ್ತೆ, ಕಾಣಿ.”

ಮಧ್ಯಾಹ್ನದ ಹೊತ್ತಿಗೆ ಬಲಬದಿಯ ಸ್ಪ್ರಿಂಗು ಕಮಾನಿಗೆ ಇನ್ನೊಂದು ಪ್ಲೇಟು ಕೂಡಿತು. ಅದಕ್ಕೂ ಅಚ್ಚಿಗೂ ನಡುವೆ ಕಬ್ಬಿಣದ ತುಂಡೊಂದು ಸೇರಿತು. ಕುಷ್ಟ ನೆಲದಿಂದ ಮಡ್‌ಗಾರ್ಡಿಗೆ ಗೇಣು ಹಾಕಿ ನೋಡಿ ತಲೆಯಾಡಿಸಿದ. “ಖಾಲಿ ಗಾಡಿ ಕಂಡ್ರೆ ಪ್ರಯೋಜನ ಇಲ್ಲೆ. ನೀವ್ ಹತ್ತಿ ಕೂಕಣಿ. ಎಡಬದಿಗ್ ಕೂಕಂಬರ್ ಯಾರ್?”

“ಕುಸುಮ,” ಎಂದ ಚಂದಯ್ಯ. ಎಷ್ಟೋ ಕಾಲದ ಮೇಲೆ ಆ ಹೆಸರು ಬಾಯಿಗೆ ಬಂದು ಅವನ ಕಿವಿ ಬಿಸಿಯಾಯಿತು.

“ಹಾಂಗಾರೆ ನಮ್ಮನಿಯವಳ್ದೇ ಗಾತ್ರ. ಅಕ್ಕೂ, ಇಲ್ಲ್ ಬಾ! ಶೆಟ್ರ್ ಗಾಡಿಯಗೆ ಚೂರ್ ಕೂಕೋ.”

ಹಿಂದಿನ ಮನೆಯಿಂದ ಅಕ್ಕು ಕೈಗೆ ಮೆತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. “ಎಲ್ಲಿಗ್ ಸವಾರಿ ಶೆಟ್ರೆ? ಕುಂದಾಪ್ರಕ್ಕೆ ಸಿನೆಮಾ ಕಾಂಬುಕಾ?” ಎಂದು ನಗುತ್ತ ಹತ್ತಿ ಕೂತಳು. ಚಂದಯ್ಯ ಸ್ಟೇರಿಂಗು ಹಿಡಿದು ಎದುರಿನ ರಸ್ತೆ ನೋಡಿದ. ಅಕ್ಕು ಬಾಳೆಗೊನೆಗೆ ಈಗ ರೇಟು ಹೇಗೆ ಎಂದು ಕೇಳಿದಳು. ತನ್ನ ಎಮ್ಮೆ ಕರು ಹಾಕಿದ ಸುದ್ದಿ ಹೇಳಿದಳು. ಕುಸುಮಕ್ಕ ಚೆನ್ನಾಗಿದ್ದಾರಾ ಎಂದಳು. ಕೆಳಗೆ ಕುಷ್ಟ ಬೋಲ್ಟು ಬಿಗಿದ, ಸಡಿಲಿಸಿದ, ಮತ್ತೆ ಬಿಗಿದ. ಪಕ್ಕದಲ್ಲೊಂದು ಜೀವ ಉಸಿರಾಡುತ್ತಿದೆ ಅನ್ನುವುದೇ ಚಂದಯ್ಯನಿಗೆ ದೊಡ್ಡ ಸುಖವಾಗಿತ್ತು. ಈ ಕೆಲಸ ಬೇಗ ಮುಗಿಯದಿರಲಿ ಎಂದುಕೊಂಡ. ಸ್ವಲ್ಪ ಹೊತ್ತಿಗೆ ಅಕ್ಕುವಿನ ಮಾತೂ ನಿಂತುಹೋಯಿತು.

“ಆಯ್ತ್! ಈಗ ತಟ್ಟೆಯಗೆ ನೀರ್ ಇಟ್ರೂ ಚೆಲ್ಲುದಿಲ್ಲೆ,” ಎನ್ನುತ್ತ ಕುಷ್ಟ ಹೊರಗೆ ತೆವಳಿದ.

ಅಕ್ಕು ಇಳಿದಳು. ಬಾಗಿಲು ಹಾಕಲು ಹೋದವಳು ತಡೆದು ನಿಂತಳು. “ಹ್ವಾಯ್ ಶೆಟ್ರೆ, ಬೇಜಾರ್ ಮಾಡ್ಕಣ್ಬೇಡಿ. ಇಷ್ಟೊತ್ತ್ ಕೂಕಂಡಿದ್ದೆ, ನೀವ್ ಒಂದ್ ಹೂಂ ಅಂತಾನೂ ಹೇಳ್ಲಿಲ್ಲೆ. ಮಣ್ಣ್ ಗ್ವಾಡಿ ಒಟ್ಟಿಗೆ ಕೂಕಂಡ ಹಾಂಗೆ ಆಯ್ತ್. ಕುಸುಮಕ್ಕ ಕೂಕಂಡ್ರೂ ಹೀಂಗೆಯಾ?”

ಚಂದಯ್ಯ ಗಾಡಿ ಸ್ಟಾರ್ಟ್ ಮಾಡಿದ.

ಸಾಸ್ತಾನದಲ್ಲಿ ಪಡುವಣಕ್ಕೆ ತಿರುಗಿದ ಮೇಲೆ ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಗಾಡಿಯನ್ನು ನಿಧಾನ ಮಾಡಿ, ಎಡಬದಿಯ ಖಾಲಿ ಸೀಟಿನ ಕಡೆ ಮುಖ ತಿರುಗಿಸಿ, “ಕುಸುಮಾ,” ಎಂದು ಗಟ್ಟಿಯಾಗಿಯೇ ಹೇಳಿನೋಡಿದ. ಅದರ ಮುಂದಿನ ಮಾತು ಹಂಗಾರಕಟ್ಟೆಯ ಹೊಳೆ ಕಂಡರೂ ಸಿಗಲಿಲ್ಲ.